ಕಣ್ಣಾನೂರಿನ ಪಾಲು: ಹೊಯ್ಸಳ ರಾಮನಾಥ ಏರಿದ್ದು ಹೇಗೆ, ಇಳಿದದ್ದು ಯಾಕೆ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ, ಜಾವಗಲ್ ಕಡೆಯ ಹಳ್ಳಿ. ಹಳೇಬೀಡಿಗೆ ನೆಂಟರನ್ನು ಕರೆದುಕೊಂಡು ಹೋದಾಗ ಗೈಡ್ ಒಬ್ಬರು, "ಸೋಮೇಶ್ವರ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದ, ಅಲ್ಲಿಗೆ ಹೊಯ್ಸಳರ ಕಥೆ ಮುಗೀತು" ಅಂದರು. ಆ ಎರಡನೇ ಮಗ ರಾಮನಾಥ ಸ್ವತಂತ್ರ ರಾಜನೋ, ಅಣ್ಣನ ಕೈಕೆಳಗಿನ ಅಧಿಕಾರಿಯೋ? ಯಾಕೆ ಅಷ್ಟು ಬೇಗ ಕುಸಿದ? ನಮ್ಮೂರಿನ ಒಂದು ವೀರಗಲ್ಲಿನಲ್ಲಿ "ರಾಮನಾಥ" ಅಂತ ಓದಲು ಬರುತ್ತದೆ. ಅದು ಅವನದೇ ಅಂತ ಹೇಗೆ ತಿಳಿಯುವುದು?

ಉತ್ತರ: ಗೈಡ್ ಹೇಳಿದ್ದರಲ್ಲಿ ಅರ್ಧ ಸರಿ. ಪಾಲಾದದ್ದು ನಿಜ, 1254ರ ಸುಮಾರಿಗೆ. ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅದಾದ ಮೇಲೂ ಹೊಯ್ಸಳರು ತೊಂಬತ್ತು ವರ್ಷಕ್ಕೆ ಹತ್ತಿರ ಆಳಿದರು. ಸೋಮನಾಥಪುರದ ಕೇಶವ ದೇವಾಲಯ ಕಟ್ಟಿದ್ದೂ ಪಾಲಾದ ನಂತರವೇ. ಕಟ್ಟಿಸಿದವನು ದೋರಸಮುದ್ರದ (ಈಗಿನ ಹಳೇಬೀಡು) ಪಾಲು ಪಡೆದ ಮೂರನೇ ನರಸಿಂಹನ ದಂಡನಾಯಕ ಸೋಮನಾಥ.

"ರಾಜನೋ ಅಧಿಕಾರಿಯೋ" ಎಂಬುದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ರಾಮನಾಥನಿಗೆ ಮೊದಲು ಸಿಕ್ಕಿದ್ದು ಹುದ್ದೆ. ಅಪ್ಪ ತೀರಿಕೊಂಡ ಮೇಲೆ ಅದೇ ಹುದ್ದೆ ಸಿಂಹಾಸನವಾಯಿತು. ಅವನ ಕಷ್ಟವೆಲ್ಲ ಹುಟ್ಟಿದ್ದು ಅಲ್ಲಿಂದ ಅಂತ ನನ್ನ ಲೆಕ್ಕ.

ಹೊಯ್ಸಳರ ಮನೆಯಲ್ಲಿ ರಾಜಕುಮಾರರಿಗೆ ಆಡಳಿತ ವಹಿಸುವುದು ಹೊಸದೇನಲ್ಲ. ವಿನಯಾದಿತ್ಯನ ಕಾಲದಲ್ಲಿ ಮಗ ಎರೆಯಂಗ ಯುವರಾಜನಾಗಿ ದಂಡು ನಡೆಸಿದ, ಚಾಲುಕ್ಯರ ಪರವಾಗಿ ಧಾರಾನಗರದವರೆಗೂ ಹೋಗಿ ಬಂದ. ಎರಡನೇ ಬಲ್ಲಾಳ ಇನ್ನೂ ಮುಂದೆ ಹೋದ. ಅಪ್ಪ ಒಂದನೇ ನರಸಿಂಹನ ಮೇಲೆಯೇ ತಿರುಗಿಬಿದ್ದು, ಮಲೆನಾಡಿನ ಪಾಳೆಯಗಾರರನ್ನು ತನ್ನ ಕಡೆಗೆ ಎಳೆದುಕೊಂಡು, 1173ರಲ್ಲಿ ಪಟ್ಟಕ್ಕೆ ಬಂದ. ಹಾಗಾದರೂ ರಾಜ್ಯ ಒಡೆಯಲಿಲ್ಲ. ಜಗಳ ಇದ್ದದ್ದು ಒಂದೇ ಗದ್ದುಗೆಗೆ, ಒಂದೇ ಬೊಕ್ಕಸಕ್ಕೆ. ಗೆದ್ದವನಿಗೆ ಇಡೀ ಮನೆ ಸಿಗುತ್ತಿತ್ತು. 1254ರಲ್ಲಿ ಗದ್ದುಗೆಯೂ ಎರಡಾಯಿತು, ಬೊಕ್ಕಸವೂ ಎರಡಾಯಿತು.

ಕಣ್ಣಾನೂರು ಎಲ್ಲಿಂದ ಬಂತು ಅನ್ನುವುದು ಮೊದಲು ಗೊತ್ತಾಗಬೇಕು. ಕೇರಳದ ಕಣ್ಣೂರು ಅಂದುಕೊಳ್ಳಬೇಡಿ, ಆ ತಪ್ಪು ಬಹಳ ಜನ ಮಾಡುತ್ತಾರೆ. ಇದು ತಿರುಚಿರಾಪಳ್ಳಿಯ ಉತ್ತರಕ್ಕೆ, ಶ್ರೀರಂಗದಿಂದ ಅಷ್ಟೇನೂ ದೂರವಿಲ್ಲದ, ಇವತ್ತು ಸಮಯಪುರಂ ಎಂದು ಕರೆಯುವ ಜಾಗ. ಎರಡನೇ ನರಸಿಂಹನ ಕಾಲಕ್ಕೆ ಚೋಳರು ಸೊರಗಿದ್ದರು. 1231ರಲ್ಲಿ ಕೋಪ್ಪೆರುಂಜಿಂಗ ಎಂಬ ಪಲ್ಲವ ಸಾಮಂತ ಮೂರನೇ ರಾಜರಾಜ ಚೋಳನನ್ನೇ ಹಿಡಿದು ಸೇಂದಮಂಗಲದಲ್ಲಿ ಕೂಡಿಹಾಕಿದ. ನರಸಿಂಹ ತನ್ನ ದಂಡನಾಯಕರಾದ ಅಪ್ಪಣ್ಣ ಮತ್ತು ಸಮುದ್ರ ಗೋಪಯ್ಯನನ್ನು ಕಳಿಸಿ ಬಿಡಿಸಿದ. "ಚೋಳರಾಜ್ಯ ಪ್ರತಿಷ್ಠಾಚಾರ್ಯ" ಎಂಬ ಬಿರುದು ಬರುವುದು ಈ ಹಿನ್ನೆಲೆಯಲ್ಲಿ. ಸಹಾಯಕ್ಕೆ ಹೋದ ದಂಡು ವಾಪಸು ಬರಲಿಲ್ಲ, ಅಲ್ಲೇ ಬೇರು ಬಿಟ್ಟಿತು.

ಮಗ ಸೋಮೇಶ್ವರನಂತೂ ಅಲ್ಲಿಯೇ ಮನೆ ಮಾಡಿಬಿಟ್ಟ. ತೋಳ್ಬಲದಿಂದ ಗೆದ್ದ ಚೋಳನಾಡಿನಲ್ಲಿ ಮನೋವಿನೋದಕ್ಕಾಗಿ ಕಟ್ಟಿಸಿದ ವಿಕ್ರಮಪುರದಲ್ಲಿದ್ದಾನೆ ಎಂದು ಅವನ ಶಾಸನವೇ ಹೇಳುತ್ತದೆ. ವಿಕ್ರಮಪುರ ಅಂದರೆ ಕಣ್ಣಾನೂರು. ಅಲ್ಲಿನ ಪೊಯ್ಸಳೇಶ್ವರ ದೇವಾಲಯವನ್ನು ಜನ ಈಗ ಭೋಜೇಶ್ವರ ಅನ್ನುತ್ತಾರೆ. ನಮ್ಮವರ ಹೆಸರು ಅಲ್ಲಿನ ಬಾಯಲ್ಲಿ ಸವೆದು ಹಾಗಾಗಿದೆ. ಪಕ್ಕದ ಜಂಬುಕೇಶ್ವರದಲ್ಲಿ ಅಜ್ಜ ಬಲ್ಲಾಳ, ಅಜ್ಜಿ ಪದ್ಮಲದೇವಿ, ಅಪ್ಪ ನರಸಿಂಹ, ಸೋಮಲದೇವಿ, ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಲಿಂಗ ಇಡಿಸಿದ. ಮನೆದೇವರನ್ನೇ ಹೊಸ ಊರಿಗೆ ಹೊತ್ತುಕೊಂಡು ಹೋದ ಹಾಗೆ. ಚೋಳರ ಜತೆಗೂ ಪಾಂಡ್ಯರ ಜತೆಗೂ ನಂಟು ಬೆಳೆದು ಅವನಿಗೆ "ಮಾಮಡಿ", ಅಂದರೆ ಸೋದರಮಾವ, ಎಂಬ ಹೆಸರು ಬಿತ್ತು. ಆದರೆ ಮೂರನೇ ರಾಜೇಂದ್ರ ಚೋಳ "ಮಾವ ಸೋಮೇಶ್ವರನಿಗೆ ಯಮ" ಎಂಬ ಅರ್ಥದ ಬಿರುದು ಹಾಕಿಕೊಂಡವನು. ನಂಟಿನ ಬೆಲೆ ಅಷ್ಟೇ ಇತ್ತು.

ಈಗ ಪಾಲಿನ ವಿಷಯ. ಬಿಜ್ಜಲರಾಣಿಯ ಮಗ ನರಸಿಂಹ, ಚಾಲುಕ್ಯರ ಮನೆಯ ದೇವಲದೇವಿಯ ಮಗ ರಾಮನಾಥ. ನರಸಿಂಹನಿಗೆ ದೋರಸಮುದ್ರ ಮತ್ತು ಕನ್ನಡನಾಡಿನ ಬಹುಭಾಗ. ರಾಮನಾಥನಿಗೆ ಕಣ್ಣಾನೂರು, ತಮಿಳು ಸೀಮೆ, ಜತೆಗೆ ಕೋಲಾರದ ಕಡೆಯ ಮೂಡಣ ನಾಡುಗಳು. ವಯಸ್ಸನ್ನೂ ನೋಡಿ. ನರಸಿಂಹ ಹುಟ್ಟಿದ್ದು 1240ರಲ್ಲಿ, ಪಾಲಾದಾಗ ಹದಿನಾಲ್ಕು ವರ್ಷ.

ಇದಕ್ಕೆ ಸಾಕ್ಷಿ ನಿಮ್ಮ ಊರಿನ ಹತ್ತಿರವೇ ಇದೆ. ಹಳೇಬೀಡಿನ ಹೊಯ್ಸಳೇಶ್ವರ ನೋಡಿ ಎಲ್ಲರೂ ಬಸ್ಸು ಹತ್ತಿಬಿಡುತ್ತಾರೆ. ಅಲ್ಲಿಂದ ಕಾಲ್ನಡಿಗೆಯ ದೂರದ ಬಸ್ತಿಹಳ್ಳಿಗೆ ಹೋಗಿ. ಕನ್ನಡಿಯ ಹಾಗೆ ಮಿನುಗುವ ಕಂಬಗಳಿರುವ ಪಾರ್ಶ್ವನಾಥ ಬಸದಿ ಅದು. 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು, ವಿಷ್ಣುವರ್ಧನನ ಗೆಲುವಿನ ನೆನಪಿಗೆ ವಿಜಯಪಾರ್ಶ್ವ ಎಂಬ ಹೆಸರು. 1254ರಲ್ಲಿ ಹುಡುಗ ನರಸಿಂಹ ಈ ಬಸದಿಗೆ ಬಂದು, ಹಳೆಯ ಶಾಸನದಲ್ಲಿದ್ದ ತನ್ನ ವಂಶಾವಳಿಯನ್ನು ನೋಡಿ ದತ್ತಿ ಕೊಟ್ಟ. ಮರುವರ್ಷ, 1255ರ ಫೆಬ್ರವರಿಯಲ್ಲಿ, ಅವನ ಉಪನಯನ. ಆಗಲೂ ಇಲ್ಲಿಗೆ ದಾನ ಬಂತು. ಉಪನಯನವೇ ಆಗದ ಹುಡುಗ ರಾಜ್ಯ ಪಾಲು ಮಾಡಿಸಿಕೊಂಡ ಅಂತ ನಂಬುವುದಕ್ಕಾಗುತ್ತದೆಯೇ? ಪಾಲು ಮಾಡಿದವನು ಅಪ್ಪ, ನಡೆಸಿದವರು ದಂಡನಾಯಕರು. ಅಪ್ಪ ಇನ್ನೂ ಬದುಕಿದ್ದ, ಇದ್ದದ್ದು ಕಣ್ಣಾನೂರಿನ ಕಡೆಯೇ. ಆದ್ದರಿಂದ ಮೊದಲ ಕೆಲವು ವರ್ಷ ರಾಮನಾಥನನ್ನು ರಾಜ ಅನ್ನುವುದಕ್ಕಿಂತ ಅಪ್ಪನ ಪಕ್ಕದಲ್ಲಿ ಕೂರಿಸಿದ ಮಗ ಅನ್ನುವುದು ಸರಿ. ಊರ ಮನೆಗಳಲ್ಲೂ ಹೀಗೇ ಅಲ್ಲವೇ: ಅಪ್ಪ ಇರುವಾಗ ಬಾಯಿಮಾತಿನಲ್ಲಿ ತೋಟ ಹಂಚಿದ್ದು, ಅಪ್ಪ ಹೋದ ಮೇಲೆ ಪಾಲುಪಾರಿಕತ್ತು ಆಗಿಬಿಡುತ್ತದೆ.

ಏರಿಕೆಯ ದಿನಗಳೂ ಇದ್ದವು. ರಾಮನಾಥನ ಮೊದಲ ವರ್ಷಗಳಲ್ಲೇ ಅವನ ಪ್ರಧಾನಿ ಸಿಂಗಣ ದಂಡನಾಯಕ ಶ್ರೀರಂಗದಲ್ಲಿ ಆರೋಗ್ಯಶಾಲೆಗೆ ಭೂಮಿ ಬಿಡಿಸಿದ. ಮುಂದೆ ಅದು ಹಾಳಾಗಿ, ಹದಿನೈದನೇ ಶತಮಾನದ ಕೊನೆಗೆ ಗರುಡವಾಹನ ಭಟ್ಟ ಎಂಬುವರು ಮತ್ತೆ ಎತ್ತಿ ನಿಲ್ಲಿಸಿದರು. ಗುಡಿಯ ಒಳಗೇ ಧನ್ವಂತರಿಯ ಸನ್ನಿಧಿ ಇರುವುದಕ್ಕೂ ಇದಕ್ಕೂ ನಂಟು ಇದೆ. ಕತ್ತಿಯಿಂದ ನಿಂತವರು ಗುಡಿ, ಮಠ, ಆಸ್ಪತ್ರೆಗಳ ಮೂಲಕ ಜನರ ನಡುವೆ ಜಾಗ ಮಾಡಿಕೊಳ್ಳಲು ನೋಡಿದರು ಅನ್ನುವುದಕ್ಕೆ ಇದು ಒಳ್ಳೆಯ ಗುರುತು.

ಹಾಗಾದರೆ ಕುಸಿದದ್ದು ಯಾಕೆ? ಪುಸ್ತಕಗಳು "ಪಾಂಡ್ಯರು ಬಲಿಷ್ಠರಾದರು" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತವೆ. ಅದು ಸುಳ್ಳಲ್ಲ. 1251ರಲ್ಲಿ ಪಟ್ಟಕ್ಕೆ ಬಂದ ಜಟಾವರ್ಮ ಸುಂದರ ಪಾಂಡ್ಯ ಕಣ್ಣಾನೂರು-ಕೊಪ್ಪದ ಕೋಟೆಯನ್ನು ಮುತ್ತಿದ. 1262ರ ಸುಮಾರಿಗೆ ಸೋಮೇಶ್ವರ ಅವನ ಕೈಯಲ್ಲಿ ಸತ್ತ. ಕರ್ನಾಟ ಚಂದ್ರನಿಂದ, ಅಂದರೆ ಹೊಯ್ಸಳನಿಂದ, ಶ್ರೀರಂಗವನ್ನು ಬಿಡಿಸಿದೆ ಎಂದು ಪಾಂಡ್ಯ ಬರೆಸಿಕೊಂಡ, ಅಲ್ಲಿನ ವಿಮಾನಕ್ಕೆ ಚಿನ್ನ ಹೊದಿಸಿದ.

ಆದರೆ ಒಳಗಿನ ಕಾರಣ ಬೇರೆ. ಕಣ್ಣಾನೂರು ಒಂದು ರಾಜ್ಯವಾಗಿ ಬೆಳೆದ ಜಾಗವಲ್ಲ, ಅದೊಂದು ದಂಡಿನ ಪಾಳೆಯ. ಚೋಳ ಬಲಹೀನನಾಗಿರಬೇಕು, ಪಾಂಡ್ಯ ಹದ್ದಿನಲ್ಲಿರಬೇಕು, ಮೇಲಿನಿಂದ ಆಳು-ಕುದುರೆ ಬರುತ್ತಿರಬೇಕು. ಈ ಮೂರೂ ಇದ್ದಷ್ಟು ದಿನ ಅದು ನಿಂತಿತು. ಆಳು ಹುಟ್ಟುತ್ತಿದ್ದದ್ದು ಘಟ್ಟದ ಮೇಲೆ, ಹಾಸನ, ಚಿಕ್ಕಮಗಳೂರು, ಅರಸೀಕೆರೆಯ ನಾಡುಗಳಲ್ಲಿ. ಹಳೇಬೀಡಿನಿಂದ ಶ್ರೀರಂಗಕ್ಕೆ ಇವತ್ತಿನ ರಸ್ತೆಯಲ್ಲೂ 400 ಕಿ.ಮೀ. ಮೀರುತ್ತದೆ, ಮಧ್ಯೆ ಘಟ್ಟ ಇಳಿಯಬೇಕು. ಪಾಲಾದ ಕೂಡಲೇ ಆ ದಾರಿಯ ಮೇಲಿನ ತುದಿ ಅಣ್ಣನ ಕೈಯಲ್ಲಿ, ಕೆಳಗಿನ ತುದಿ ತಮ್ಮನ ಕೈಯಲ್ಲಿ ಉಳಿಯಿತು. ಕೆರೆ ಒಬ್ಬನಿಗೆ, ಕಾಲುವೆ ಇನ್ನೊಬ್ಬನಿಗೆ ಬಂದ ಹಾಗೆ.

ಅಣ್ಣನಾದರೂ ಸುಮ್ಮನೆ ಕೂತಿರಲಿಲ್ಲ ಅನ್ನಬೇಕು, ಕೂರುವುದಕ್ಕೆ ದೇವಗಿರಿಯ ಅರಸರಾದ ಸೇವುಣರು ಬಿಡಲೂ ಇಲ್ಲ. 1276ರಲ್ಲಿ ಸಾಳುವ ತಿಕ್ಕಮನ ನಾಯಕತ್ವದಲ್ಲಿ ದೇವಗಿರಿಯ ದಂಡು ದೋರಸಮುದ್ರದ ಬಾಗಿಲಿಗೇ ಬಂತು, ಬೆಳವಾಡಿಯಲ್ಲಿ ಬೀಡುಬಿಟ್ಟಿತು. ನಿಮಗೆ ಗೊತ್ತಿರುವ ಬೆಳವಾಡಿಯೇ, ಜಾವಗಲ್ಲಿನಿಂದ ಚಿಕ್ಕಮಗಳೂರು ರಸ್ತೆಯಲ್ಲಿ ಸಿಗುವ ವೀರನಾರಾಯಣನ ಊರು. ಅಲ್ಲಿ ಸೋತ ಸೇವುಣರನ್ನು ದುಮ್ಮಿಯ ಆಚೆಯವರೆಗೂ ಅಟ್ಟಿದರು. ಗೆಲುವೇನೋ ಸಿಕ್ಕಿತು. ಆದರೆ ರಾಜಧಾನಿಯಿಂದ ಹತ್ತು-ಹನ್ನೆರಡು ಕಿ.ಮೀ. ದೂರದಲ್ಲಿ ಶತ್ರು ಬೀಡುಬಿಟ್ಟಿರುವಾಗ ಯಾವ ಅಣ್ಣ ಕಾವೇರಿಯ ಕಡೆಗೆ ಕುದುರೆ ಕಳಿಸುತ್ತಾನೆ? ಕಳಿಸುವ ಮನಸ್ಸಿತ್ತೇ ಅನ್ನುವುದು ಬೇರೆ ಪ್ರಶ್ನೆ.

1279ರಲ್ಲಿ ಏಟು ಬಿತ್ತು. ಮಾರವರ್ಮ ಕುಲಶೇಖರ ಪಾಂಡ್ಯ ರಾಮನಾಥನನ್ನೂ ರಾಜೇಂದ್ರ ಚೋಳನನ್ನೂ ಸೋಲಿಸಿದ. ಚೋಳರ ಹೆಸರು ಅಲ್ಲಿಗೆ ಅಳಿಯಿತು. ರಾಮನಾಥ ಕಾವೇರಿಯ ಬಯಲು ಬಿಟ್ಟು ಮೇಲಕ್ಕೆ ಬಂದ, ಕುಂದಾಣಿಯಲ್ಲಿ ನೆಲೆಯೂರಿದ. ಇದು ಹೊಸೂರಿನ ಕಡೆ, ಈಗಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಇಲ್ಲೇ ಅವನ ಕಥೆಯ ಕೆಟ್ಟ ಭಾಗ ಶುರು. ಪಾಂಡ್ಯರ ಎದುರು ಕಳೆದುಕೊಂಡದ್ದನ್ನು ಅಣ್ಣನ ಪಾಲಿನಲ್ಲಿ ತುಂಬಿಕೊಳ್ಳಲು ಹೊರಟ. ಬೆಂಗಳೂರು, ಕೋಲಾರ, ತುಮಕೂರು ಸೀಮೆಯಲ್ಲಿ ಹೊಯ್ಸಳರ ಆಳು ಹೊಯ್ಸಳರ ಆಳನ್ನೇ ಕೊಂದ ಕಾಳಗಗಳಾದವು. ಇವತ್ತಿನ ಬೆಂಗಳೂರಿನ ಗದ್ದಲದೊಳಗೆ ಇರುವ ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಗೋಡೆಯಲ್ಲಿ ರಾಮನಾಥನ ಕಾಲದ ತಮಿಳು ಶಾಸನ ಈಗಲೂ ಇದೆ.

ಇನ್ನೊಂದು ವ್ಯತ್ಯಾಸ ನನಗೆ ಮುಖ್ಯ ಅನ್ನಿಸುತ್ತದೆ. ನರಸಿಂಹನ ಹಿಂದೆ ಪೆರುಮಾಳೆಯಂಥ ದಂಡನಾಯಕರಿದ್ದರು. ನಾಗಮಂಗಲ ತಾಲೂಕಿನ ಬೆಳ್ಳೂರನ್ನು ಉದ್ಭವನರಸಿಂಹಪುರ ಎಂಬ ಅಗ್ರಹಾರ ಮಾಡಿದವನು ಈ ಪೆರುಮಾಳೆಯೇ. ಅಂಥವರ ಹಿಂದೆ ಗಾವುಂಡರು, ನಾಳ್ಪ್ರಭುಗಳು, ಹೆಗ್ಗಡೆಗಳು, ಸುಂಕದವರು. ತಲೆಮಾರುಗಳಿಂದ ಕೂಡಿಬಂದ ಈ ಸರಪಳಿ ಇದ್ದದ್ದರಿಂದ ರಾಜ ಹುಡುಗನಾದರೂ ಕಂದಾಯ ಬಂತು, ಕೆರೆ ಏರಿ ನಿಂತಿತು. ರಾಮನಾಥ ಕುಂದಾಣಿಗೆ ಬಂದಾಗ ತಂದದ್ದು ಬಿರುದು ಮತ್ತು ದಂಡು. ದಂಡು ಸಾಕಲು ಹಣ ಬೇಕು, ಹಣಕ್ಕೆ ಹೊಸ ತೆರಿಗೆ. ಆ ಭಾರ ಯಾರ ಮೇಲೆ ಬಿದ್ದಿತ್ತು ಅಂತ ಆಮೇಲಿನ ಒಂದು ರಾಜಾಜ್ಞೆ ನೋಡಿದರೆ ಗೊತ್ತಾಗುತ್ತದೆ.

ನರಸಿಂಹ ತೀರಿಕೊಂಡು 1292ರಲ್ಲಿ ಮಗ ಮೂರನೇ ಬಲ್ಲಾಳ ಪಟ್ಟಕ್ಕೆ ಬಂದ. ರಾಮನಾಥ 1295ರಲ್ಲಿ ಸತ್ತ. ಅವನ ಮಗ ವಿಶ್ವನಾಥ ಐದಾರು ವರ್ಷ ಎಳೆದ, ಅಷ್ಟೆ. 1301ರಲ್ಲಿ ಬಲ್ಲಾಳ ಕುಂದಾಣಿ, ಮೊರಸುನಾಡು, ಕೋಲಾರದ ಕುವಲಾಲನಾಡು, ಕೈವಾರನಾಡು ಮುಂತಾದ ಕಡೆಯ ಮಠ-ದೇವಸ್ಥಾನಗಳ ಮುಖ್ಯಸ್ಥರಿಗೆ ಒಂದು ಆಜ್ಞೆ ಕಳಿಸಿದ: ದೇವದಾನದ ಊರುಗಳ ಮೇಲಿದ್ದ ತೆರಿಗೆಗಳನ್ನೆಲ್ಲ ಬಿಟ್ಟಿದ್ದೇವೆ, ಪೂಜೆ ಪುನಸ್ಕಾರ ನಡೆಸಿಕೊಂಡು ಸುಖವಾಗಿರಿ ಎಂಬುದು ಅದರ ತಾತ್ಪರ್ಯ. ಒಂದೇ ಆಜ್ಞೆಯನ್ನು ಆ ಸೀಮೆಯ ಹಲವು ಗುಡಿಗಳಲ್ಲಿ ತಮಿಳಿನಲ್ಲಿ ಕೆತ್ತಿಸಿದರು. ನಲವತ್ತೇಳು ವರ್ಷದ ಪಾಲು ಮುಗಿಯಿತು ಅಂತ ಜನರಿಗೆ ಮುಟ್ಟಿದ್ದು ತೆರಿಗೆ ಮಾಫಿಯ ಮೂಲಕ. ಬಲ್ಲಾಳ ಜಾಣ.

ಇನ್ನು ನಿಮ್ಮ ವೀರಗಲ್ಲು. "ರಾಮನಾಥ" ಅನ್ನುವ ನಾಲ್ಕು ಅಕ್ಷರ ಕಂಡ ಮಾತ್ರಕ್ಕೆ ಅದು ಹೊಯ್ಸಳ ರಾಮನಾಥ ಆಗುವುದಿಲ್ಲ. ಮೂರು ಕಡೆ ಎಡವುತ್ತಾರೆ. ರಾಮನಾಥ ಅನ್ನುವುದು ಶಿವಾಲಯದ ದೇವರ ಹೆಸರೂ ಹೌದು, "ರಾಮನಾಥದೇವರಿಗೆ ಬಿಟ್ಟ ಗದ್ದೆ" ಅಂತಿದ್ದರೆ ಅದು ಲಿಂಗ. ಎರಡನೆಯದು ಕುಮ್ಮಟದುರ್ಗದ ಕುಮಾರರಾಮ, ಅವನನ್ನೂ ಕುಮಾರ ರಾಮನಾಥ ಅನ್ನುತ್ತಾರೆ. ಕುಮ್ಮಟ ಬಿದ್ದದ್ದು 1327ರಲ್ಲಿ. ಮೂರನೆಯದು ಸೇವುಣರ ರಾಮಚಂದ್ರ, ಶಾಸನಗಳಲ್ಲಿ ರಾಮದೇವ. ಕಲ್ಲು ಸವೆದಿದ್ದರೆ "ರಾಮದೇವ" ಓದಲು ಹೋಗಿ "ರಾಮನಾಥದೇವ" ಆಗುವುದು ತೀರಾ ಸುಲಭ. ಸೇವುಣರು ನಿಮ್ಮ ಸೀಮೆಗೆ ಬಂದೇ ಇದ್ದರು, ಆದ್ದರಿಂದ ಈ ಗುಮಾನಿ ಮೊದಲು ಪರಿಹಾರ ಮಾಡಿಕೊಳ್ಳಿ.

ಓದುವ ಕ್ರಮ ಹೀಗೆ. ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಅಂಕಣ: ಕೆಳಗೆ ಕಾಳಗ, ಮಧ್ಯೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಕೈಲಾಸ. ಬರಹ ಇರುವುದು ಅಂಕಣಗಳ ನಡುವಿನ ಪಟ್ಟಿಯಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ನೋಡಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿಸಿ ಹಿಡಿದು, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬೆಳಕು ಬಿಟ್ಟು ಫೋನಿನಲ್ಲಿ ಫೋಟೊ ತೆಗೆಯಿರಿ. ಸುಣ್ಣ, ಸೀಮೆಸುಣ್ಣ, ಎಣ್ಣೆ, ಅರಿಶಿನ, ಬಣ್ಣ ಯಾವುದನ್ನೂ ಹಚ್ಚಬೇಡಿ. ಸೀಮೆಸುಣ್ಣ ಹಚ್ಚಿದವರು ಕಲ್ಲಿನಲ್ಲಿ ಇರುವುದನ್ನು ತೀಡುವುದಿಲ್ಲ, ತಾವು ಅಂದುಕೊಂಡದ್ದನ್ನು ತೀಡುತ್ತಾರೆ. ಆಮೇಲೆ ಬಂದವರಿಗೆ ಅದೇ ಪಾಠವಾಗುತ್ತದೆ.

ಮೊದಲು ಹುಡುಕಬೇಕಾದದ್ದು ಹೆಸರಲ್ಲ, ನೆಲೆವೀಡು, ಅಂದರೆ ರಾಜ ಎಲ್ಲಿಂದ ಆಳುತ್ತಿದ್ದ ಅನ್ನುವುದು. "ದೋರಸಮುದ್ರದ ನೆಲೆವೀಡಿನೊಳು ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಿರೆ" ಅಂತ ಬಂದರೆ ಅದು ಅಣ್ಣನ ಕಡೆಯದು. ಆಮೇಲೆ ಕಾಲ. ಶಕವರ್ಷಕ್ಕೆ 78 ಕೂಡಿಸಿ. ಜನವರಿಯಿಂದ ಯುಗಾದಿಯೊಳಗಿನ ದಿನವಾದರೆ 79. ಮೇಲೆ ಹೇಳಿದ ಉಪನಯನದ್ದೇ ತೆಗೆದುಕೊಳ್ಳಿ: ಶಕ 1176, ಆನಂದ ಸಂವತ್ಸರ. 78 ಕೂಡಿಸಿದರೆ 1254, ಆದರೆ ದಿನ ಯುಗಾದಿಗೆ ಮುಂಚಿನದಾದ್ದರಿಂದ 1255. ಕೆಲವು ಶಾಸನಗಳು ನಡೆಯುತ್ತಿರುವ ವರ್ಷ ಹಾಕುತ್ತವೆ, ಕೆಲವು ಮುಗಿದ ವರ್ಷ, ಹೀಗಾಗಿ ಒಂದು ವರ್ಷ ಹೆಚ್ಚುಕಡಿಮೆ ಬರುತ್ತದೆ. ಅಂಕಿ ಮತ್ತು ಸಂವತ್ಸರ ಹೊಂದದಿದ್ದರೆ ಸಂವತ್ಸರವನ್ನೇ ನಂಬಿ. ಅಂಕಿ ಕೆತ್ತುವಾಗ ತಪ್ಪುವುದುಂಟು, ಆ ವರ್ಷದ ಹೆಸರು ಊರವರ ಬಾಯಲ್ಲಿರುತ್ತಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಅದೊಂದೇ ಸಿಕ್ಕರೆ ಸಾಲದು. ಬೆಳವಾಡಿ ಕಾಳಗದ ವರ್ಷ ಧಾತು ಸಂವತ್ಸರ, ಶಕ 1198. ನಿಮ್ಮ ಕಲ್ಲಿನಲ್ಲಿ "ಧಾತು" ಇದ್ದು, "ಸೇವುಣ" ಅಥವಾ "ತಿಕ್ಕಮ" ಅನ್ನುವ ಪದ ಸಿಕ್ಕರೆ, ನಿಮ್ಮ ಊರಿನ ಜಾಗ ನೋಡಿದರೆ ಅದು ಆ ಕಾಳಗದ್ದೇ ಇರಬಹುದು. ಆಗ ನಿಮ್ಮ "ರಾಮನಾಥ" ಬಹುಪಾಲು ರಾಮದೇವನೇ.

ಹೊಯ್ಸಳ ರಾಮನಾಥನ ಶಾಸನಗಳ ಚಹರೆಯೇ ಬೇರೆ. ಹೆಚ್ಚಿನವು ತಮಿಳಿನಲ್ಲಿವೆ, ಸಂಸ್ಕೃತ ಪದಗಳಿಗೆ ಗ್ರಂಥ ಲಿಪಿ, ಗುಡಿಯ ಗೋಡೆ ಅಥವಾ ಅಧಿಷ್ಠಾನದಲ್ಲಿ (ಗೋಡೆಯ ಕೆಳಗಿನ ಪೀಠ) ಉದ್ದುದ್ದ ಸಾಲುಗಳು. "ಪೊಯ್ಸಳ ವೀರ ರಾಮನಾಥದೇವ" ಎಂದು ಬಂದು, ಶಕವರ್ಷದ ಬದಲು "ಯಾಂಡು" ಎಂದು ಆಳ್ವಿಕೆಯ ವರ್ಷ ಇರುತ್ತದೆ. ಆ ಅಂಕಿಗೆ 1254 ಕೂಡಿಸಿದರೆ ಇಸವಿ. ಯಾಂಡು 41 ಅಂದರೆ 1295. ಹಳೆಯ ತಮಿಳು ಅಂಕಿಯಲ್ಲಿ ಸೊನ್ನೆ ಇಲ್ಲ, ಹತ್ತಕ್ಕೆ ಒಂದು ಚಿಹ್ನೆ ಇದೆ. 15 ಬರೆಯಲು ಹತ್ತರ ಚಿಹ್ನೆ, ಪಕ್ಕದಲ್ಲಿ 5. 25 ಬರೆಯಲು 2, ಹತ್ತರ ಚಿಹ್ನೆ, 5. ಇದು ಗೊತ್ತಿಲ್ಲದೆ ಓದಿದರೆ ಹತ್ತಿಪ್ಪತ್ತು ವರ್ಷ ಹಾರಿಹೋಗುತ್ತದೆ. ಇಂಥ ಶಾಸನ ಹಾಸನ, ಬೇಲೂರು, ಅರಸೀಕೆರೆ ಕಡೆ ಹುಡುಕಿ ಫಲವಿಲ್ಲ, ಅದು ಅಣ್ಣನ ಪಾಲು. ಬೆಂಗಳೂರು, ಕೋಲಾರ, ಹೊಸೂರು ಸೀಮೆಗೆ ಹೋಗಬೇಕು.

ಅಚ್ಚಾದ ಪಾಠ ಬೇಕಿದ್ದರೆ, ಶಾಸನಗಳನ್ನು ಜಿಲ್ಲಾವಾರು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳಲ್ಲಿ ಹಾಸನ ಜಿಲ್ಲೆ 5ನೆಯದು. ಚಿಕ್ಕಮಗಳೂರು ಅಂತ ಹುಡುಕಿದರೆ ಸಿಗುವುದಿಲ್ಲ, ಆಗ ಅದು ಕಡೂರು ಜಿಲ್ಲೆ, 6ನೇ ಸಂಪುಟ. ಬೆಂಗಳೂರು 9, ಕೋಲಾರ 10, ತುಮಕೂರು 12. ನಿಮ್ಮ ಊರಿನ ಕಲ್ಲು ಅದರಲ್ಲಿ ಇದ್ದರೆ ನೂರು ವರ್ಷದ ಹಿಂದೆ ಕಡಿಮೆ ಸವೆದಿದ್ದಾಗ ಓದಿದ ಪಾಠ ಸಿಗುತ್ತದೆ, ಅದರ ಮುಂದೆ ನಿಮ್ಮ ಫೋಟೊ ಇಟ್ಟು ನೋಡಿ. ಇಲ್ಲದಿದ್ದರೆ ಪುರಾತತ್ವ ಇಲಾಖೆಗೆ ತಿಳಿಸಿ ಪಡಿಯಚ್ಚು ತೆಗೆಸಬೇಕು. ಒದ್ದೆ ಕಾಗದವನ್ನು ಕುಂಚದಿಂದ ಬಡಿದು ಅಕ್ಷರದೊಳಗೆ ಇಳಿಸಿ ಮಸಿ ಒತ್ತುವ ಕೆಲಸ ಅದು, ಅಭ್ಯಾಸ ಇಲ್ಲದವರು ಮಾಡಿದರೆ ಕಲ್ಲಿಗೆ ಮಸಿ ಹತ್ತುತ್ತದೆ.

ಗೈಡ್ ಹೇಳಿದ "ಮುಗೀತು" ಬಗ್ಗೆ ಇನ್ನೊಂದು ಮಾತು. ಪಾಲನ್ನು ಕೂಡಿಸಿದ ಬಲ್ಲಾಳ 1311ರಲ್ಲಿ ಮಲಿಕ್ ಕಾಫರ್‌ನ ದಾಳಿ ತಿಂದ. ಆ ಹೊತ್ತಿಗೆ ಪಾಂಡ್ಯರ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಹತ್ತಿತ್ತು, ಬಲ್ಲಾಳನ ಕಣ್ಣು ಆ ಕಡೆಗಿತ್ತು. ಆದರೂ ಎದ್ದ, ತಿರುವಣ್ಣಾಮಲೆಯನ್ನು ನೆಲೆ ಮಾಡಿಕೊಂಡು ಮಧುರೆಯ ಸುಲ್ತಾನನ ಮೇಲೆ ಹೋದ. ಎಂಬತ್ತು ದಾಟಿದ ಮುದುಕ ತಿಂಗಳುಗಟ್ಟಲೆ ಒಂದು ಕೋಟೆಗೆ ಮುತ್ತಿಗೆ ಹಾಕಿ ಕೂತ, ಒಳಗಿದ್ದವರು ಕೇಳಿದರೆಂದು ಹದಿನಾಲ್ಕು ದಿನ ಗಡುವು ಕೊಟ್ಟ, ಆ ಗಡುವಿನಲ್ಲೇ ಮೋಸಹೋಗಿ ಸಿಕ್ಕಿಬಿದ್ದು ಸತ್ತ. ಇದನ್ನು ಬರೆದಿಟ್ಟವನು ಆ ಕಾಲದಲ್ಲೇ ಮಧುರೆಗೆ ಬಂದಿದ್ದ ಇಬ್ನ್ ಬತೂತ. ಆ ಸಾವನ್ನು ಹೇಳುವ ಕಲ್ಲು ನಿಮ್ಮ ನೆರೆಯ ಕಡೂರು ತಾಲೂಕಿನಲ್ಲಿದೆ: ಚಿತ್ರಭಾನು ಸಂವತ್ಸರ, ಅಂದರೆ 1342, ಚಿರಿಚಿರಾಪಳ್ಳಿಯಲ್ಲಿ, ಅಂದರೆ ತಿರುಚಿರಾಪಳ್ಳಿಯಲ್ಲಿ, ತುರುಕರೊಡನೆ ಕಾದಿ ಸತ್ತ ಅಂತ. ಅವನು ಮುತ್ತಿಗೆ ಹಾಕಿದ್ದ ಕೋಟೆ ಕಣ್ಣಾನೂರು-ಕೊಪ್ಪ, ಚಿಕ್ಕಪ್ಪನ ಪಾಲಿಗೆ ಬಂದಿದ್ದದ್ದು.